ಕ್ಯಾನಿನ ಮೇಲೆ ಹೆಸರಿರಲಿ, ಸಂಘದ ಕಾರ್ಯಕ್ರಮ ಪಟ್ಟಿಯಲ್ಲಿ ಸುರಕ್ಷೆಗೂ ಜಾಗವಿರಲಿ

ಮುಂಬಯಿ ಹಾಗೂ ಉಪನಗರಗಳ ಯಾವುದೇ ಕನ್ನಡ ಸಂಘದ ವಾರ್ಷಿಕ ಕಾರ್ಯಕ್ರಮ ಪಟ್ಟಿಯನ್ನು ನೋಡಿದರೂ ಅದರಲ್ಲಿ ಉಚಿತ ವೈದ್ಯಕೀಯ ಶಿಬಿರ ಇದ್ದೇ ಇರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣಿನ ತಪಾಸಣೆ, ರಕ್ತದಾನ ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತವೆ. ಪದಾಧಿಕಾರಿಗಳು, ಯುವ ವಿಭಾಗ, ಮಹಿಳಾ ವಿಭಾಗದವರೆಲ್ಲ ರವಿವಾರದ ವಿಶ್ರಾಂತಿಯನ್ನು ಬಿಟ್ಟು ದುಡಿಯುತ್ತಾರೆ. ಇದು ಪ್ರಶಂಸನೀಯ ಕಾರ್ಯ. ಆದರೆ ಈ ಶಿಬಿರಗಳಲ್ಲಿ ಕೆಮ್ಮು, ಕೈ ತುರಿಕೆ, ತಲೆನೋವು, ಕಣ್ಣುರಿ ಎಂದು ಬರುವ ದುಡಿಮೆಗಾರನಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. "ಕೆಲಸದ ಜಾಗದಲ್ಲಿ ನಿಮ್ಮ ಕೈಗೆ ಸಿಗುವ ರಾಸಾಯನಿಕ ಯಾವುದು?" ಎಂಬುದೇ ಆ ಪ್ರಶ್ನೆ. ಕೇಳಿದರೂ ಹೆಚ್ಚಿನವರಿಂದ ಬರುವ ಉತ್ತರ, "ಏನೋ ಆ್ಯಸಿಡ್", "ಏನೋ ಪೌಡರ್", "ಹಳದಿ ಕ್ಯಾನಿನಲ್ಲಿ ಬರುತ್ತದೆ" ಎಂಬಷ್ಟೇ.

ಅಪಾಯ ಇರುವುದು ಈ "ಏನೋ" ಎಂಬ ಶಬ್ದದಲ್ಲಿ. ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿನ ಹೆಸರು ಗೊತ್ತಿಲ್ಲದವನಿಗೆ ಅದರಿಂದ ತನ್ನನ್ನು ಕಾಪಾಡಿಕೊಳ್ಳುವ ದಾರಿಯೂ ಗೊತ್ತಿರುವುದಿಲ್ಲ. ನಾಳೆ ಏನಾದರೂ ಆದರೆ ಆಸ್ಪತ್ರೆಯ ವೈದ್ಯರಿಗೂ ಅವನಿಗೆ ಏನು ತಾಗಿದೆ ಎಂದು ತಿಳಿಯುವುದಿಲ್ಲ. ಕಾರ್ಖಾನೆಯ ಸುರಕ್ಷೆ ಸರಕಾರದ ಇನ್‌ಸ್ಪೆಕ್ಟರರ ಕೆಲಸ, ಸಂಘಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಸಂಬಂಧ ಇದೆ. ಸಂಘದ ಸದಸ್ಯರಲ್ಲಿ ಮಾಲಕರೂ ಇದ್ದಾರೆ, ಮೇನೇಜರರೂ ಇದ್ದಾರೆ, ನೌಕರರೂ ಇದ್ದಾರೆ. ಈ ಮೂವರೂ ಒಂದೇ ಸಾಲಿನ ಕುರ್ಚಿಗಳಲ್ಲಿ ಕುಳಿತುಕೊಳ್ಳುವ ಜಾಗ ಸಂಘದ ಸಭಾಗೃಹವನ್ನು ಬಿಟ್ಟರೆ ಬೇರೆ ಹೆಚ್ಚು ಇಲ್ಲ.

ಮೋರಿಯ ಪಕ್ಕದ ಎರಡು ಕ್ಯಾನುಗಳು

ರಾಸಾಯನಿಕ ಎಂದೊಡನೆ ತಾರಾಪುರ, ಅಂಬರ್‌ನಾಥ್, ತಳೋಜಾ, ಡೊಂಬಿವಲಿಯ ದೊಡ್ಡ ಕಾರ್ಖಾನೆಗಳು ಕಣ್ಣ ಮುಂದೆ ಬರುತ್ತವೆ. ಅಲ್ಲಿ ದುಡಿಯುವ ಕನ್ನಡಿಗರು ಇದ್ದಾರೆ ನಿಜ. ಆದರೆ ಮುಂಬಯಿ ಕನ್ನಡಿಗರ ಬದುಕಿಗೆ ಅತಿ ಹತ್ತಿರದ ಉದ್ಯಮವಾದ ಹೊಟೇಲಿನಲ್ಲಿಯೇ ಅಪಾಯದ ವಸ್ತುಗಳು ಕಡಿಮೆಯೇನಿಲ್ಲ. ಕಕ್ಕಸು ತೊಳೆಯುವ ಆ್ಯಸಿಡ್, ನೆಲಕ್ಕೆ ಹಾಕುವ ಬ್ಲೀಚಿಂಗ್ ಪೌಡರ್, ಮೋರಿ ಕಟ್ಟಿಕೊಂಡಾಗ ಸುರಿಯುವ ಕಾಸ್ಟಿಕ್ ಸೋಡಾ, ಒಲೆಯ ಮೇಲಿನ ಚಿಮಣಿಯ ಜಿಡ್ಡು ತೆಗೆಯುವ ದ್ರಾವಣ, ತಿಗಣೆ-ಜಿರಳೆಗೆ ಹೊಡೆಯುವ ಔಷಧಿ, ಇವೆಲ್ಲ ಎಲ್ಲ ಹೊಟೇಲುಗಳಲ್ಲೂ ಇರುವಂಥವು. ಸಾಮಾನ್ಯವಾಗಿ ಇವು ಮೋರಿಯ ಪಕ್ಕದಲ್ಲೋ, ಮಾಳಿಗೆಯ ಮೆಟ್ಟಿಲ ಕೆಳಗೋ, ಒಮ್ಮೊಮ್ಮೆ ಅಕ್ಕಿ-ಬೇಳೆಯ ಕೋಣೆಯಲ್ಲಿಯೋ ಇರುತ್ತವೆ. ದೊಡ್ಡ ಕ್ಯಾನಿನಲ್ಲಿ ತಂದದ್ದನ್ನು ಅನುಕೂಲಕ್ಕೆಂದು ನೀರಿನ ಖಾಲಿ ಬಾಟಲಿಗೋ, ಅಡುಗೆ ಎಣ್ಣೆಯ ಹಳೆಯ ಡಬ್ಬಕ್ಕೋ ಸುರಿದಿಟ್ಟಿರುತ್ತಾರೆ. ಹೀಗೆ ಸುರಿಯುವ ಹೊತ್ತಿಗೆ ಅದರ ಹೆಸರು ಹಳೆಯ ಕ್ಯಾನಿನಲ್ಲಿಯೇ ಉಳಿಯುತ್ತದೆ, ವಸ್ತು ಮಾತ್ರ ಹೊಸ ಬಾಟಲಿಗೆ ಬರುತ್ತದೆ.

ರಾತ್ರಿ ಹನ್ನೆರಡು ಗಂಟೆಗೆ ಶಟರ್ ಅರ್ಧ ಎಳೆದ ಮೇಲೆ ಕ್ಲೀನಿಂಗ್ ಕೆಲಸ ಶುರುವಾಗುತ್ತದೆ. ಹೊಸದಾಗಿ ಸೇರಿದ ಹುಡುಗ, "ಅಣ್ಣ, ಯಾವುದು ಹಾಕಲಿ?" ಎಂದು ಕೇಳುತ್ತಾನೆ. ಗಲ್ಲಾದ ಲೆಕ್ಕದಲ್ಲಿ ಮುಳುಗಿದವರು, "ಎರಡೂ ಸ್ವಲ್ಪ ಸ್ವಲ್ಪ ಹಾಕು ಮಾರಾಯ, ಚೆನ್ನಾಗಿ ಬಿಳಿ ಆಗುತ್ತದೆ" ಎನ್ನುತ್ತಾರೆ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಆ್ಯಸಿಡ್ ಮತ್ತು ಬ್ಲೀಚಿಂಗ್ ಒಟ್ಟಾದರೆ ಹೊರಡುವುದು ಕ್ಲೋರಿನ್ ಅನಿಲ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲವೂ ಇದೇ. ಇದು ಗಾಳಿಗಿಂತ ಭಾರ. ಆದ್ದರಿಂದ ಮೇಲಕ್ಕೆ ಹೋಗದೆ ಮೋರಿಯ ಹತ್ತಿರ ನೆಲದ ಮಟ್ಟದಲ್ಲಿಯೇ ನಿಲ್ಲುತ್ತದೆ. ಕುಕ್ಕರುಗಾಲಲ್ಲಿ ಕುಳಿತು ಉಜ್ಜುವವನ ಮೂಗಿಗೇ ಅದು ನೇರವಾಗಿ ತಾಗುತ್ತದೆ. ಕಿಟಕಿ ಇಲ್ಲದ ಕಕ್ಕಸಿನಲ್ಲಾದರೆ ಕೇಳುವುದೇ ಬೇಡ. ಕೆಮ್ಮು ಬಂದು ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾಯಿತು ಎಂದು ಮಲಗಿದವನಿಗೆ ಕೆಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುವ ಸಂಭವವೂ ಉಂಟು.

ಹಿಂದೆ ಹೀಗೆ ಕೇಳುವ ಹುಡುಗ ಕುಂದಾಪುರದವನೋ ಕಾರ್ಕಳದವನೋ ಆಗಿರುತ್ತಿದ್ದ. ಇಂದು ಅವನು ಒಡಿಶಾದವನು, ಬಿಹಾರದವನು ಅಥವಾ ನೇಪಾಳದವನು ಆಗಿರುವುದೇ ಹೆಚ್ಚು. ಊರು ಬಿಟ್ಟು ಬಂದ ಮೊದಲ ದಿನಗಳಲ್ಲಿ ಬಸ್ಸಿನ ಬೋರ್ಡು ಓದಲು ಬಾರದೆ ಪೇಚಾಡಿದ ಅನುಭವ ಮುಂಬಯಿ ಕನ್ನಡಿಗರ ಹಳೆಯ ತಲೆಮಾರಿನವರಿಗೆ ಚೆನ್ನಾಗಿ ನೆನಪಿದೆ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಕ್ಯಾನಿನ ಮುಂದೆ ಈ ಹುಡುಗನ ಸ್ಥಿತಿಯೂ ಅದೇ. ತಪ್ಪು ಬೋರ್ಡು ಓದಿದವನು ಬೇರೆ ಸ್ಟಾಪಿನಲ್ಲಿ ಇಳಿಯುತ್ತಿದ್ದ. ತಪ್ಪು ಕ್ಯಾನು ಎತ್ತಿದವನು ಆಸ್ಪತ್ರೆ ಸೇರುತ್ತಾನೆ.

ಈ ನಗರ ಕಲಿಯಬೇಕಾಗಿದ್ದ ಪಾಠ

ಒಳಗೆ ಏನಿದೆ ಎಂದು ಹೊರಗೆ ಹೇಳದಿರುವುದರ ಫಲ ಏನು ಎಂಬುದನ್ನು ಮುಂಬಯಿಗಿಂತ ಚೆನ್ನಾಗಿ ತಿಳಿದ ನಗರ ಇರಲಾರದು. 1944ರ ಏಪ್ರಿಲ್ 14ರಂದು ಇಲ್ಲಿನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕಿನ್' ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರಲ್ಲಿ ಹತ್ತಿಯ ಮೂಟೆಗಳ ಜೊತೆಗೆ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಅಪಾಯದ ಸರಕು ಇದೆ ಎಂದು ತೋರಿಸುವ ಕೆಂಪು ಬಾವುಟವನ್ನು ಹಡಗು ಹಾರಿಸಿರಲಿಲ್ಲ. ಸಂಜೆ ನಾಲ್ಕರ ಬಳಿಕ ನಡೆದ ಎರಡು ಸ್ಫೋಟಗಳಲ್ಲಿ ನೂರಾರು ಜನ ಸತ್ತರು. ಬೆಂಕಿ ನಂದಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು. ಅವರ ನೆನಪಿಗಾಗಿ ದೇಶಾದ್ಯಂತ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ.

ಅದಾಗಿ 66 ವರ್ಷಗಳ ಬಳಿಕ, 2010ರ ಜುಲೈ ತಿಂಗಳಲ್ಲಿ, ಅದೇ ಬಂದರು ಪ್ರದೇಶದ ಶಿವಡಿಯ ಹಾಜಿ ಬಂದರ್‌ನಲ್ಲಿ ವಾರಸುದಾರರಿಲ್ಲದೆ ವರ್ಷಗಟ್ಟಲೆ ಬಿದ್ದುಕೊಂಡಿದ್ದ ಸಿಲಿಂಡರಿನಿಂದ ಕ್ಲೋರಿನ್ ಸೋರಿತು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಯಾರದ್ದೆಂದು ತಿಳಿಯದ ವಸ್ತುವನ್ನು ಯಾರೂ ನೋಡಿಕೊಳ್ಳುವುದಿಲ್ಲ, ಆದರೆ ಅದು ತುಕ್ಕು ಹಿಡಿಯುವುದನ್ನು ನಿಲ್ಲಿಸುವುದಿಲ್ಲ.

ಭೋಪಾಲದ ದುರಂತವನ್ನು ಇಲ್ಲಿ ನೆನೆಯದೆ ಇರಲಾಗದು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಟ್ಯಾಂಕಿನೊಳಗೆ ನೀರು ಸೇರಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಬಿತ್ತು. ಟ್ಯಾಂಕನ್ನು ತಣ್ಣಗಿಡಬೇಕಾಗಿದ್ದ ಯಂತ್ರವನ್ನು ಮೊದಲೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾಗಿದ್ದ ಗೋಪುರ ಕೆಲಸ ಮಾಡುತ್ತಿರಲಿಲ್ಲ. ಸಾವಿರಾರು ಜನ ಸತ್ತರು. ಅಂದು ಓಡಿಬಂದ ಜನರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರಿಗೆ ಸೋರಿದ್ದು ಯಾವ ಅನಿಲ, ಅದಕ್ಕೆ ಮದ್ದೇನು ಎಂಬುದು ತಿಳಿದಿರಲಿಲ್ಲ. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಿರಿ ಎಂಬಷ್ಟು ಸರಳ ಸೂಚನೆಯೂ ಸುತ್ತಲಿನ ಬಸ್ತಿಯವರಿಗೆ ಮೊದಲೇ ಸಿಕ್ಕಿರಲಿಲ್ಲ.

ಡೊಂಬಿವಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರು. ಅಲ್ಲಿನ ಎಂಐಡಿಸಿಯಲ್ಲಿ 2016ರ ಮೇ 26ರಂದು ನಡೆದ ಸ್ಫೋಟದಲ್ಲಿ ಹನ್ನೆರಡು ಜನ ಸತ್ತರು. ಸುತ್ತಲಿನ ಕಟ್ಟಡಗಳ ಕಿಟಕಿ ಗಾಜುಗಳು ಪುಡಿಯಾದವು. ಎಂಟು ವರ್ಷಗಳ ಬಳಿಕ, 2024ರ ಮೇ 23ರಂದು, ಅದೇ ಪ್ರದೇಶದ ಇನ್ನೊಂದು ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟವಾಗಿ ಮತ್ತೆ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪ್ರತಿ ಸಲವೂ ಕೆಲವು ದಿನ ಪತ್ರಿಕೆಗಳಲ್ಲಿ ಚರ್ಚೆಯಾಗುತ್ತದೆ, ಸಂಘಗಳು ಸಂತಾಪ ಸೂಚಿಸುತ್ತವೆ, ಬಳಿಕ ಎಲ್ಲವೂ ಎಂದಿನಂತೆ ನಡೆಯುತ್ತದೆ. ಸಂತಾಪ ಸೂಚಿಸುವುದು ಮಾನವೀಯ ಕರ್ತವ್ಯ. ಆದರೆ ಸಂತಾಪದ ಜೊತೆಗೆ ಒಂದು ವಿಚಾರಣೆಯೂ ನಡೆಯಬೇಕು. ಸದಸ್ಯರಲ್ಲಿ ಎಷ್ಟು ಜನರಿಗೆ ತಾವು ಮುಟ್ಟುವ ವಸ್ತುವಿನ ಹೆಸರು ಗೊತ್ತು?

ಹೆಸರು ತಿಳಿದರೆ ಏನು ಲಾಭ?

ಹೆಸರು ತಿಳಿದರೆ ಉಳಿದುದೆಲ್ಲ ತಿಳಿಯಲು ದಾರಿಯಾಗುತ್ತದೆ. ಅಪಾಯಕಾರಿ ರಾಸಾಯನಿಕವನ್ನು ಮಾರುವವರು ಅದರ ಜೊತೆಗೆ ಸುರಕ್ಷಾ ಮಾಹಿತಿ ಪತ್ರ ಒದಗಿಸುವ ಪದ್ಧತಿ ಇದೆ. ಕಾರ್ಖಾನೆಗಳಲ್ಲಿ ಇದನ್ನು ಎಸ್‌ಡಿಎಸ್ ಅಥವಾ ಎಂಎಸ್‌ಡಿಎಸ್ ಎನ್ನುತ್ತಾರೆ. ಇದರಲ್ಲಿ 16 ವಿಭಾಗಗಳಿರುತ್ತವೆ. ಎಲ್ಲವನ್ನೂ ಎಲ್ಲರೂ ಓದಬೇಕಾಗಿಲ್ಲ. ಎರಡನೆಯ ವಿಭಾಗದಲ್ಲಿ ಅಪಾಯ ಏನು ಎಂದಿರುತ್ತದೆ. ನಾಲ್ಕನೆಯದರಲ್ಲಿ ಪ್ರಥಮ ಚಿಕಿತ್ಸೆ, ಐದರಲ್ಲಿ ಬೆಂಕಿ ನಂದಿಸುವ ಕ್ರಮ, ಆರರಲ್ಲಿ ಚೆಲ್ಲಿದರೆ ಮಾಡಬೇಕಾದದ್ದು, ಏಳರಲ್ಲಿ ಇಡುವ ಹಾಗೂ ಬಳಸುವ ರೀತಿ, ಎಂಟರಲ್ಲಿ ಯಾವ ಕೈಗವಸು, ಯಾವ ಮಾಸ್ಕ್ ಬೇಕು ಎಂಬುದು, ಹತ್ತರಲ್ಲಿ ಯಾವುದರ ಜೊತೆ ಬೆರೆಸಬಾರದು ಎಂಬುದು ಇರುತ್ತದೆ. ಈ ಏಳು ವಿಭಾಗಗಳ ಸಾರವನ್ನು ಒಂದು ಪುಟದಲ್ಲಿ ಹಿಂದಿಯಲ್ಲಿಯೋ ಕನ್ನಡದಲ್ಲಿಯೋ ಬರೆದು ಗೋಡೆಗೆ ಅಂಟಿಸಿದರೆ ಅದಕ್ಕೆ ತಗಲುವುದು ಒಂದು ಹಾಳೆ ಮತ್ತು ಒಂದು ಗಂಟೆಯ ಹೊತ್ತು ಮಾತ್ರ.

ಓದು ಬಾರದವರಿಗೆ ಚಿತ್ರಗಳಿವೆ. ಇಂದು ಬಹಳಷ್ಟು ಕ್ಯಾನು, ಡ್ರಮ್ಮುಗಳ ಮೇಲೆ ಕೆಂಪು ಅಂಚಿನ, ಮೂಲೆಯ ಮೇಲೆ ನಿಂತ ಚೌಕದೊಳಗೆ ಕಪ್ಪು ಚಿತ್ರ ಇರುತ್ತದೆ. ಜ್ವಾಲೆ ಇದ್ದರೆ ಬೆಂಕಿ ಹಿಡಿಯುವಂಥದ್ದು. ತಲೆಬುರುಡೆ ಇದ್ದರೆ ಕಡಿಮೆ ಪ್ರಮಾಣದಲ್ಲಿಯೂ ಕೊಲ್ಲಬಲ್ಲ ವಿಷ. ಕೈ ಮತ್ತು ಲೋಹದ ಮೇಲೆ ಹನಿ ಬೀಳುವ ಚಿತ್ರವಿದ್ದರೆ ಚರ್ಮ, ಕಣ್ಣು ಸುಡುವಂಥದ್ದು. ಮನುಷ್ಯನ ಎದೆಯಲ್ಲಿ ನಕ್ಷತ್ರದಂಥ ಗುರುತು ಇದ್ದರೆ ನಿಧಾನವಾಗಿ ಒಳಗಿನ ಅಂಗಗಳನ್ನು ಹಾಳು ಮಾಡುವಂಥದ್ದು, ಕ್ಯಾನ್ಸರಿಗೆ ಕಾರಣವಾಗಬಲ್ಲದ್ದೂ ಇದರಲ್ಲಿ ಸೇರಿದೆ. ಇಂಥ ಚಿತ್ರಗಳು ಒಟ್ಟು ಒಂಬತ್ತು. ಯಕ್ಷಗಾನದ ವೇಷ ನೋಡಿದೊಡನೆ ರಾಜ ಯಾರು, ರಾಕ್ಷಸ ಯಾರು ಎಂದು ಹೇಳಬಲ್ಲ ಜನರಿಗೆ ಒಂಬತ್ತು ಚಿತ್ರಗಳನ್ನು ಗುರುತಿಸುವುದು ಕಷ್ಟದ ಮಾತಲ್ಲ.

ಈ ನಿಧಾನದ ವಿಷದ ಬಗ್ಗೆ ಎರಡು ಮಾತು ಅಗತ್ಯ. ಸ್ಫೋಟ ಆದರೆ ಸುದ್ದಿಯಾಗುತ್ತದೆ, ಆದರೆ ದಿನದಿನವೂ ಉಸಿರಿನೊಳಗೆ ಹೋಗುವುದು ಸುದ್ದಿಯಾಗುವುದಿಲ್ಲ. ಪೇಂಟಿಂಗ್, ಪ್ರಿಂಟಿಂಗ್ ಗಾಲಾಗಳಲ್ಲಿ ಬಳಸುವ ಥಿನ್ನರ್‌ನಲ್ಲಿ ಟೊಲುಯೀನ್‌ನಂಥ ದ್ರಾವಕಗಳಿರುತ್ತವೆ. ಸಂಜೆ ತಲೆ ತಿರುಗುವುದು, ತಲೆ ಸಿಡಿಯುವುದು ಅದರ ಲಕ್ಷಣ. ಅದನ್ನು ಕೆಲಸದ ಆಯಾಸ ಎಂದು ಭಾವಿಸಿ ಮಾತ್ರೆ ನುಂಗಿ ಮಲಗುವವರು ಎಷ್ಟೋ ಮಂದಿ. ಕ್ರೋಮ್ ಪ್ಲೇಟಿಂಗ್ ಮಾಡುವ ಕಡೆ ಏಳುವ ಹಬೆ ಮೂಗಿನ ನಡುಗೋಡೆಯಲ್ಲಿ ತೂತು ಮಾಡಬಲ್ಲದು, ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದು. ಹತ್ತಿಪ್ಪತ್ತು ವರ್ಷಗಳ ಬಳಿಕ, ದುಡಿದು ನಿವೃತ್ತನಾಗಿ ಊರಿನ ಮನೆಯಲ್ಲಿ ಕುಳಿತುಕೊಂಡವನಿಗೆ ಕಾಯಿಲೆ ಬಂದಾಗ ಅದಕ್ಕೂ ಮುಂಬಯಿಯ ಗಾಲಾಕ್ಕೂ ಇರುವ ಸಂಬಂಧವನ್ನು ಊರಿನ ವೈದ್ಯರು ಹೇಗೆ ಊಹಿಸಬೇಕು? ಆ ವಸ್ತುವಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಅದೇ ಒಂದು ದಾಖಲೆ.

ಪಾಲಿಸಲು ಕಷ್ಟವಿಲ್ಲದ ಕೆಲವು ಕ್ರಮಗಳು

ಪರಿಣತರು ಹೇಳುವ ಕ್ರಮಗಳಲ್ಲಿ ಹೆಚ್ಚಿನವು ಯಾವ ಚಿಕ್ಕ ಮಾಲಕನಿಂದಲೂ ಸಾಧ್ಯವಾಗುವಂಥವು.

ಮೊದಲನೆಯದು, ತಿನ್ನುವ ಕುಡಿಯುವ ವಸ್ತುವಿನ ಬಾಟಲಿಗೆ ರಾಸಾಯನಿಕವನ್ನು ಎಂದಿಗೂ ಸುರಿಯಬಾರದು. ಬೇರೆ ಡಬ್ಬಕ್ಕೆ ಸುರಿಯಲೇ ಬೇಕಾದರೆ ಅದರ ಮೇಲೆ ಹೆಸರು, ತಂದ ದಿನಾಂಕ ಮತ್ತು ಅಪಾಯದ ಚಿತ್ರವನ್ನು ಆಗಿಂದಾಗಲೇ ಅಂಟಿಸಬೇಕು. ಹೆಸರಿಲ್ಲದ ಡಬ್ಬ ಸಿಕ್ಕಿದರೆ ಮೂಸಿ ನೋಡಿ ತಿಳಿಯುವ ಪ್ರಯತ್ನ ಮಾಡದೆ ಬದಿಗಿಡಬೇಕು.

ಎರಡನೆಯದು, ಒಂದಕ್ಕೊಂದು ಸೇರದ ವಸ್ತುಗಳನ್ನು ಬೇರೆ ಬೇರೆ ಇಡಬೇಕು. ಆ್ಯಸಿಡ್ ಒಂದು ಕಡೆ, ಬ್ಲೀಚಿಂಗ್ ಇನ್ನೊಂದು ಕಡೆ, ಥಿನ್ನರ್-ಸ್ಪಿರಿಟ್ ಒಲೆ ಮತ್ತು ವಿದ್ಯುತ್ ಸ್ವಿಚ್ಚಿನಿಂದ ದೂರ. ಥಿನ್ನರಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ಹೋಗಿ ದೂರದ ಕಿಡಿಯಿಂದಲೂ ಬೆಂಕಿ ಹಿಡಿಯಬಲ್ಲದು. ಕಾಸ್ಟಿಕ್ ಸೋಡಾವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬಾರದು. ಅದರಿಂದ ಹೊರಡುವ ಹೈಡ್ರೋಜನ್ ಅನಿಲ ಸುಲಭವಾಗಿ ಬೆಂಕಿ ಹಿಡಿಯುತ್ತದೆ. ಆ್ಯಸಿಡ್ಡನ್ನು ತೆಳುಮಾಡುವಾಗ ನೀರಿಗೆ ಆ್ಯಸಿಡ್ ನಿಧಾನವಾಗಿ ಸೇರಿಸಬೇಕೇ ಹೊರತು ಆ್ಯಸಿಡ್ಡಿಗೆ ನೀರು ಸುರಿಯಬಾರದು. ಸುರಿದರೆ ಅದು ಕುದಿದು ಮುಖಕ್ಕೆ ಎರಚುತ್ತದೆ.

ಮೂರನೆಯದು, ಕಣ್ಣಿಗೆ ಅಥವಾ ಚರ್ಮಕ್ಕೆ ಬಿದ್ದರೆ ಕೂಡಲೇ ಹರಿಯುವ ಶುದ್ಧ ನೀರಿನಲ್ಲಿ ಹದಿನೈದು-ಇಪ್ಪತ್ತು ನಿಮಿಷ ತೊಳೆಯಬೇಕು. ಅರ್ಧ ನಿಮಿಷ ನೀರು ಎರಚಿ ರಿಕ್ಷಾ ಹುಡುಕಲು ಓಡುವುದರಿಂದ ಕಣ್ಣೇ ಹೋಗಬಹುದು. ಬೆಣ್ಣೆ, ತುಪ್ಪ, ಅರಸಿನ ಹಚ್ಚುವುದು ಬೇಡ. ನುಂಗಿದ್ದರೆ ಬಲವಂತವಾಗಿ ವಾಂತಿ ಮಾಡಿಸಬಾರದು. ಇಳಿಯುವಾಗ ಗಂಟಲು ಸುಟ್ಟ ಆ್ಯಸಿಡ್ ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಆಸ್ಪತ್ರೆಗೆ ಹೋಗುವಾಗ ಆ ಕ್ಯಾನಿನ ಹೆಸರಿನ ಚೀಟಿಯನ್ನೋ ಅದರ ಫೋಟೋವನ್ನೋ ಜೊತೆಗೆ ಒಯ್ಯಬೇಕು.

ನಾಲ್ಕನೆಯದು, ಮಾಸ್ಕಿನ ವಿಷಯ. ಕೊರೊನಾ ಕಾಲದ ಬಟ್ಟೆಯ ಮಾಸ್ಕ್ ಮನೆ ಮನೆಯಲ್ಲಿ ಇನ್ನೂ ಉಳಿದಿದೆ. ಅದನ್ನು ಕಟ್ಟಿಕೊಂಡರೆ ಎಲ್ಲದರಿಂದಲೂ ರಕ್ಷಣೆ ಎಂಬ ಭ್ರಮೆ ಹಲವರಲ್ಲಿದೆ. ಬಟ್ಟೆಯ ಮಾಸ್ಕಾಗಲಿ, ಧೂಳು ತಡೆಯುವ ಮಾಸ್ಕಾಗಲಿ ಆ್ಯಸಿಡ್ಡಿನ ಹೊಗೆಯನ್ನೋ ಥಿನ್ನರಿನ ಆವಿಯನ್ನೋ ತಡೆಯುವುದಿಲ್ಲ. ಅದಕ್ಕೆ ತಕ್ಕ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮಾಸ್ಕಿಗಿಂತ ಮೊದಲು ಬೇಕಾದದ್ದು ಗಾಳಿ. ಎಗ್ಸಾಸ್ಟ್ ಫ್ಯಾನ್ ಹಾಕುವುದು, ಬಾಗಿಲು ತೆರೆದಿಡುವುದು, ಸಾಧ್ಯವಾದರೆ ಅಪಾಯ ಕಡಿಮೆ ಇರುವ ಬೇರೆ ವಸ್ತುವನ್ನೇ ತರಿಸುವುದು ಉತ್ತಮ. ಕೈಗವಸು, ಕನ್ನಡಕ, ಮಾಸ್ಕುಗಳದ್ದು ಕೊನೆಯ ಸಾಲು.

ಐದನೆಯದು ಹೌಸಿಂಗ್ ಸೊಸೈಟಿಗಳ ಪದಾಧಿಕಾರಿಗಳಾಗಿರುವ ಸದಸ್ಯರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಶೌಚಗುಂಡಿ, ಗಟಾರಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಸೇರಿಕೊಂಡಿರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ವಾಸನೆಯೇ ಇರುವುದಿಲ್ಲ. ಒಳಗಿಳಿದವನು ಬಿದ್ದನೆಂದು ಎತ್ತಲು ಇಳಿದವನೂ ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ಮೂರನೆಯವನೂ ಬೀಳುತ್ತಾನೆ. ಒಂದೇ ಗುಂಡಿಯಲ್ಲಿ ಮೂರು ನಾಲ್ಕು ಜನ ಸತ್ತ ಸುದ್ದಿಗಳ ಹಿಂದಿನ ಕಾರಣ ಇದು. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಶೌಚಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಕಡಿಮೆ ದರಕ್ಕೆ ಒಪ್ಪಿದ ಎಂಬ ಕಾರಣಕ್ಕೆ ಬಡವನೊಬ್ಬನನ್ನು ಕೆಳಗಿಳಿಸುವ ಬದಲು ಯಂತ್ರದ ಗಾಡಿಯನ್ನು ಕರೆಸುವುದೇ ಸರಿಯಾದ ಮಾರ್ಗ.

ಕಾನೂನು ಏನು ಹೇಳುತ್ತದೆ?

ಭೋಪಾಲದ ಬಳಿಕ ದೇಶದ ಕಾನೂನು ಬದಲಾಯಿತು. 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸ ಅಧ್ಯಾಯವನ್ನೇ ಸೇರಿಸಲಾಯಿತು. ಕಾರ್ಮಿಕರಿಗೆ ಅಪಾಯದ ಮಾಹಿತಿ ಕೊಡುವುದು, ಅವರ ಆರೋಗ್ಯದ ದಾಖಲೆ ಇಡುವುದು ಮಾಲಕನ ಹೊಣೆಯಾಯಿತು. ಕಣ್ಣೆದುರು ಅಪಾಯ ಕಂಡ ಕಾರ್ಮಿಕನಿಗೆ ಅದನ್ನು ಮಾಲಕನಿಗೂ ಇನ್‌ಸ್ಪೆಕ್ಟರರಿಗೂ ತಿಳಿಸುವ ಹಕ್ಕು ಸಿಕ್ಕಿತು. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳು ಪ್ರತಿ ಡಬ್ಬದ ಮೇಲೆ ಒಳಗಿನ ವಸ್ತುವಿನ ಗುರುತು ಇರಬೇಕೆಂದವು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಹಳೆಯ ಫ್ಯಾಕ್ಟರಿ ಕಾಯ್ದೆಯ ಸ್ಥಾನವನ್ನು ಔದ್ಯೋಗಿಕ ಸುರಕ್ಷೆ, ಆರೋಗ್ಯ ಹಾಗೂ ಕೆಲಸದ ಸ್ಥಿತಿಗತಿಗಳ ಸಂಹಿತೆ ವಹಿಸಿಕೊಂಡಿತು. ಮಾಹಿತಿ ಪಡೆಯುವ ಮತ್ತು ಎಚ್ಚರಿಸುವ ಹಕ್ಕುಗಳು ಅದರಲ್ಲಿಯೂ ಇವೆ.

ಆದರೆ ಒಂದು ವಿಷಯ ಗಮನಾರ್ಹ. ವಿದ್ಯುತ್ ಬಳಸುವ ಘಟಕವನ್ನು ಫ್ಯಾಕ್ಟರಿ ಎಂದು ಕರೆಯಲು ಹಿಂದೆ ಹತ್ತು ಜನ ಕಾರ್ಮಿಕರು ಸಾಕಾಗಿತ್ತು, ಹೊಸ ಸಂಹಿತೆಯಲ್ಲಿ ಇಪ್ಪತ್ತು ಬೇಕು. ಐದಾರು ಜನ ದುಡಿಯುವ ಚಿಕ್ಕ ಗಾಲಾಗಳು, ಚಿಕ್ಕ ಹೊಟೇಲುಗಳತ್ತ ಸರಕಾರದ ಕಣ್ಣು ಹಿಂದೆಯೂ ಹೆಚ್ಚು ಬೀಳುತ್ತಿರಲಿಲ್ಲ, ಮುಂದೆಯೂ ಹೆಚ್ಚು ಬೀಳುವ ಭರವಸೆಯಿಲ್ಲ. ಇನ್‌ಸ್ಪೆಕ್ಟರ್ ಬರುತ್ತಾರೆ, ನೋಡಿಕೊಳ್ಳುತ್ತಾರೆ ಎನ್ನುವವರು ಇದನ್ನು ಯೋಚಿಸಬೇಕು. ಇನ್‌ಸ್ಪೆಕ್ಟರ್ ಬಾರದ ಜಾಗಕ್ಕೆ ಸಂಘದ ಸದಸ್ಯನೇ ದಿನವೂ ಹೋಗುತ್ತಿದ್ದಾನೆ.

ಆಕ್ಷೇಪಗಳಿಗೆ ಉತ್ತರ

"ಮೂವತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ, ಏನೂ ಆಗಿಲ್ಲ" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಹಾಜಿ ಬಂದರಿನ ಸಿಲಿಂಡರಿಗೂ ವರ್ಷಗಟ್ಟಲೆ ಏನೂ ಆಗಿರಲಿಲ್ಲ. ಇನ್ನೊಂದು ಆಕ್ಷೇಪ ಖರ್ಚಿನದು. ಇದರಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವುದು ಸರಿಯಲ್ಲ. ಬಾಡಿಗೆ, ಗ್ಯಾಸ್, ತರಕಾರಿ ಎಲ್ಲದರ ಬೆಲೆ ಏರಿದಾಗ ಚಿಕ್ಕ ಮಾಲಕನ ಕೈಯಲ್ಲಿ ಉಳಿಯುವುದು ಕಡಿಮೆಯೇ. ಒಳ್ಳೆಯ ಎಗ್ಸಾಸ್ಟ್ ವ್ಯವಸ್ಥೆಗೆ, ತಕ್ಕ ಮಾಸ್ಕಿಗೆ ಹಣ ಬೇಕು ನಿಜ. ಆದರೆ ಹೆಸರು ಬರೆಯುವುದಕ್ಕೆ, ಬೇರೆ ಬೇರೆ ಇಡುವುದಕ್ಕೆ, ಎರಡನ್ನು ಬೆರೆಸಬೇಡ ಎಂದು ಹೇಳುವುದಕ್ಕೆ ಹಣ ಬೇಕಾಗಿಲ್ಲ. ಮೊದಲು ಖರ್ಚಿಲ್ಲದ್ದನ್ನು ಮಾಡಿದ ಮೇಲೆ ಖರ್ಚಿನ ಮಾತು ಎತ್ತಿದರೆ ಅದಕ್ಕೆ ತೂಕ ಬರುತ್ತದೆ.

ನೌಕರರ ಕಡೆಯ ಅಡ್ಡಿಯೂ ಇದೆ. ಕೈಗವಸು ಕೊಟ್ಟರೂ ಸೆಖೆ ಎಂದು ತೆಗೆದಿಡುವವರಿದ್ದಾರೆ. ಮಾಹಿತಿ ಕೇಳಿದರೆ ಮಾಲಕರಿಗೆ ಸಿಟ್ಟು ಬರುತ್ತದೆ, ಕೆಲಸ ಹೋಗುತ್ತದೆ ಎಂದು ಹೆದರುವವರು ಅದಕ್ಕಿಂತ ಹೆಚ್ಚು. ಊರಿನಲ್ಲಿ ತಂದೆ-ತಾಯಿ, ತಂಗಿಯ ಮದುವೆ, ತಮ್ಮನ ಕಾಲೇಜು ಎಲ್ಲವೂ ಅವನ ಸಂಬಳದ ಮೇಲೆ ನಿಂತಿರುವಾಗ ಅವನು ಬಾಯಿ ಬಿಡುವುದಿಲ್ಲ. ಒಬ್ಬನೇ ಮಾಲಕನ ಮುಂದೆ ನಿಂತು ಕೇಳಲಾಗದ್ದನ್ನು ಸಂಘದ ವೇದಿಕೆ ಎಲ್ಲರ ಪರವಾಗಿ, ಯಾರ ಹೆಸರನ್ನೂ ಎತ್ತದೆ, ಯಾರ ಮನಸ್ಸನ್ನೂ ನೋಯಿಸದೆ ಕೇಳಬಲ್ಲದು.

ಸಂಘಗಳು ಏನು ಮಾಡಬಹುದು?

ದಿನವೆಲ್ಲ ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಪಾಸು ಮಾಡಿ ಮೇಲೆ ಬಂದವರ ಕತೆ ಮುಂಬಯಿ ಕನ್ನಡಿಗರ ಇತಿಹಾಸದ ಒಂದು ಹೆಮ್ಮೆಯ ಅಧ್ಯಾಯ. ಆ ರಾತ್ರಿ ಶಾಲೆಗಳನ್ನು ಕಟ್ಟಿದ್ದು ಸರಕಾರವಲ್ಲ, ಸಮಾಜದ ಹಿರಿಯರು ಮತ್ತು ಸಂಘ-ಸಂಸ್ಥೆಗಳು. ದುಡಿಯುವವನಿಗೆ ಅಕ್ಷರ ಬೇಕು ಎಂದು ಅಂದು ಅವರು ಕಂಡುಕೊಂಡರು. ದುಡಿಯುವವನಿಗೆ ತನ್ನ ಕೈಯಲ್ಲಿರುವ ಕ್ಯಾನಿನ ಮೇಲಿನ ಅಕ್ಷರವೂ ಬೇಕು ಎಂದು ಇಂದಿನವರು ಕಂಡುಕೊಂಡರೆ ಅದು ಅದೇ ಕೆಲಸದ ಮುಂದುವರಿಕೆ.

ಇದಕ್ಕೆ ದೊಡ್ಡ ಸಮಾವೇಶ, ದೊಡ್ಡ ಬ್ಯಾನರ್ ಬೇಕಾಗಿಲ್ಲ. ಮಾರ್ಚ್ 4 ರಾಷ್ಟ್ರೀಯ ಸುರಕ್ಷಾ ದಿನ. 1966ರಲ್ಲಿ ಆ ದಿನ ಸ್ಥಾಪನೆಯಾದ ರಾಷ್ಟ್ರೀಯ ಸುರಕ್ಷಾ ಮಂಡಳಿಯ ಕೇಂದ್ರ ಕಚೇರಿ ಇರುವುದು ದೂರದ ದಿಲ್ಲಿಯಲ್ಲಲ್ಲ, ನವಿಮುಂಬಯಿಯ ಬೇಲಾಪುರದಲ್ಲಿ. ಅಲ್ಲಿನ ಪರಿಣತರನ್ನು ಕರೆಸಿ ಹತ್ತಿರದ ರವಿವಾರ ಒಂದು ಗಂಟೆಯ ಮಾಹಿತಿ ಶಿಬಿರ ನಡೆಸಬಹುದು. ಸದಸ್ಯರಲ್ಲಿಯೇ ಔಷಧ ಕಂಪೆನಿಗಳಲ್ಲಿ, ತೈಲ ಶುದ್ಧೀಕರಣ ಕೇಂದ್ರಗಳಲ್ಲಿ, ಪ್ರಯೋಗಶಾಲೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದಾರೆ. ಪ್ರತಿಭಾ ಪುರಸ್ಕಾರದ ದಿನ ಕೆಮಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಶಾಲು ಹೊದಿಸಿ ಸನ್ಮಾನಿಸುವ ಸಂಘಗಳು ಮರುದಿನ ಅವರಿಗೆ ಒಂದು ಕೆಲಸವನ್ನೂ ಒಪ್ಪಿಸಬಹುದು. ಹೊಟೇಲು, ಪ್ರೆಸ್, ಪ್ಲೇಟಿಂಗ್, ಡ್ರೈಕ್ಲೀನಿಂಗ್ ಹೀಗೆ ಒಂದೊಂದು ಕಸುಬಿಗೆ ಒಂದೊಂದು ಪುಟದಂತೆ ಕನ್ನಡ ಮತ್ತು ಹಿಂದಿಯಲ್ಲಿ ಮಾಹಿತಿ ಪತ್ರ ಬರೆಸಿ ಹಂಚಬಹುದು. ವೈದ್ಯಕೀಯ ಶಿಬಿರದ ನೋಂದಣಿ ಚೀಟಿಯಲ್ಲಿ ಹೆಸರು, ವಯಸ್ಸಿನ ಕೆಳಗೆ "ಕೆಲಸದಲ್ಲಿ ಮುಟ್ಟುವ ರಾಸಾಯನಿಕ" ಎಂಬ ಒಂದು ಗೆರೆಯನ್ನು ಸೇರಿಸಬಹುದು. ಈ ಗೆರೆ ಖಾಲಿ ಉಳಿದರೆ ಅದೂ ಒಂದು ಮಾಹಿತಿಯೇ. ಮುಂದಿನ ಶಿಬಿರದೊಳಗೆ ಅದನ್ನು ತಿಳಿದು ಬರಲು ಸದಸ್ಯನಿಗೆ ಹೇಳಬಹುದು. ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿಯೂ ಐದು ನಿಮಿಷ ಈ ಮಾತಿಗೆ ಮೀಸಲಿಟ್ಟರೆ ಮನೆಯ ಬಚ್ಚಲಿನವರೆಗೂ ಈ ತಿಳಿವು ತಲುಪುತ್ತದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಸಂಘದ ಸ್ವಂತ ಕಟ್ಟಡದಲ್ಲಿಯೇ ಇದೆ. ಹೆಚ್ಚಿನ ಸಭಾಗೃಹಗಳಲ್ಲಿ ಮೆಟ್ಟಿಲ ಕೆಳಗೆ, ಮೈಕ್ ಸೆಟ್ಟು, ಹಳೆಯ ಬ್ಯಾನರುಗಳ ಪಕ್ಕದಲ್ಲಿ ಒಂದು ಕಪಾಟು ಇರುತ್ತದೆ. ಶೌಚಾಲಯ ತೊಳೆಯುವ ಸಾಮಾನು ಅದರಲ್ಲಿಯೇ. ಮುಂದಿನ ಕಾರ್ಯಕಾರಿ ಸಮಿತಿ ಸಭೆಗೆ ಬಂದ ಪದಾಧಿಕಾರಿಗಳು ಚಹಾ ಕುಡಿಯುವ ಮೊದಲು ಆ ಕಪಾಟಿನ ಬಾಗಿಲನ್ನು ತೆರೆದು ನೋಡಲಿ. ಒಳಗಿರುವ ಕ್ಯಾನುಗಳಲ್ಲಿ ಎಷ್ಟಕ್ಕೆ ಹೆಸರಿದೆ, ಎಷ್ಟಕ್ಕೆ ಇಲ್ಲ ಎಂದು ಎಣಿಸಿ ಆ ಸಂಖ್ಯೆಯನ್ನು ಸಭೆಯ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಲಿ. ಸಭಾಗೃಹ ತೊಳೆಯಲು ಬರುವ ವ್ಯಕ್ತಿಯನ್ನು ಕರೆದು, ಯಾವುದನ್ನು ಯಾವುದರ ಜೊತೆ ಬೆರೆಸಬಾರದು ಎಂದು ಅವರ ಭಾಷೆಯಲ್ಲಿಯೇ ತಿಳಿಸಲಿ. ಸದಸ್ಯರಿಗೆ ಬುದ್ಧಿ ಹೇಳುವ ಅರ್ಹತೆ ಸಂಘಕ್ಕೆ ಬರುವುದು ಅದಾದ ಬಳಿಕವೇ.